ಬಾರದ ಕಾಮಾಲೆಗೆ ಪಥ್ಯ

ಯಾರು ಏನು ಕುಡಿಯಲು ಕೊಟ್ಟರೂ ಮೊದಲು ಮೂಗಿನ ಹತ್ತಿರ ತಂದು ಮೂಸಿ ನೋಡುವ ಕೆಟ್ಟ ಚಾಳಿ ನನಗಿದೆ. ಕಾಫಿಯಾದರೂ ಅಷ್ಟೆ, ಮಜ್ಜಿಗೆಯಾದರೂ ಅಷ್ಟೆ. ಮೊನ್ನೆ ಒಂದು ಮದುವೆಯಲ್ಲಿ ಹೆಣ್ಣಿನ ತಂದೆ ಪ್ರೀತಿಯಿಂದ ಬೆಲ್ಲದ ಪಾನಕ ಕೊಟ್ಟರೆ, ಲೋಟವನ್ನು ಮೂಗಿಗೆ ಹಿಡಿದು ಎರಡು ಸಲ ಉಸಿರೆಳೆದುಕೊಂಡೆ. ಪಾಪ, ಆ ಮನುಷ್ಯನ ಮುಖ ಸಣ್ಣದಾಯಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ, "ತಪ್ಪು ತಿಳ್ಕೋಬೇಡಿ, ಇವರು ದೇವಸ್ಥಾನದ ತೀರ್ಥಾನೂ ಹಿಂಗೇ ಮೂಸೋದು" ಅಂದಳು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಮಂಚದ ಮೇಲೆ ಅಡ್ಡಾದಾಗ ಮಾತ್ರ, ಯಾವುದೋ ಕಾಲದ ಬಿಸಿಲು ಮುಖದ ಮೇಲೆ ಬಿದ್ದ ಹಾಗಾಯಿತು. ಈಚಲ ಗರಿಗಳ ಸಂದಿಯಿಂದ ಸೀಳಿಕೊಂಡು ಬರುತ್ತಿದ್ದ ಬಿಸಿಲು ಅದು.

ನಮ್ಮದು ಹಾಸನದಲ್ಲಿ ವಾಲಗದ ಮನೆ. ಅಪ್ಪ ಬೆಳಗಿನ ಜಾವ ಕೆರೆ ಏರಿಯ ಮೇಲೆ ಕೂತು ಸಾಧನೆ ಮಾಡುತ್ತಿದ್ದ. ಹಾಸನದ ಆ ಕಾಲದ ಮಂಜು ನಿಮಗೆ ಗೊತ್ತಿರಲಿಕ್ಕಿಲ್ಲ. ಎದುರು ಮನೆಯ ಜಗಲಿಯೂ ಕಾಣುತ್ತಿರಲಿಲ್ಲ. ಕಂಬಳಿಯೊಳಗೆ ಮುದುರಿಕೊಂಡು ಮಲಗಿದ್ದ ನನಗೆ ಆ ಮಂಜೇ ವಾಲಗ ಊದುತ್ತಿದೆ ಅನ್ನಿಸುತ್ತಿತ್ತು. ಸದ್ದು ನಿಂತ ಎಷ್ಟೋ ಹೊತ್ತಿನ ಮೇಲೆ ಅಪ್ಪ ಒದ್ದೆ ಕಾಲಲ್ಲಿ ಒಳಗೆ ಬರುತ್ತಿದ್ದ. ಅವನು ಎಲ್ಲೋ ಹೋಗಿ ಬಂದವನು, ಸದ್ದು ಇಲ್ಲೇ ಇದ್ದದ್ದು ಅಂತ ನಾನು ತಿಳಿದಿದ್ದೆ. ನನಗೆ ಹದಿನೇಳು ತುಂಬುವ ಮೊದಲೇ ಅಪ್ಪ ತೀರಿಕೊಂಡ. ಮನೆಯಲ್ಲಿ ಅವ್ವ ಮತ್ತು ನಾನು, ಗೋಡೆಯ ಗೂಟದಲ್ಲಿ ಚೀಲದೊಳಗೆ ಅಪ್ಪನ ವಾಲಗ.

ಅಷ್ಟರಲ್ಲಿ ವಾಲಗ ಹಳೆಯದಾಗಿ ಬ್ಯಾಂಡು ಹೊಸದಾಗಿತ್ತು. ಉಳ್ಳವರ ಮದುವೆಗೆಲ್ಲ ಕೆಂಪು ಕೋಟಿನ ಬ್ಯಾಂಡ್ ಸೆಟ್ಟೇ ಬೇಕು. ಸಿದ್ದಪ್ಪ ಮೇಷ್ಟ್ರು ಅಂತ ಒಬ್ಬರು ಎಂಟು ಜನರ ಒಂದು ಸೆಟ್ಟು ಕಟ್ಟಿದ್ದರು. ವಾಲಗದವರ ಮಗ ಅಂತ ನನ್ನನ್ನು ಕರೆದು ಕೈಗೆ ಕ್ಲಾರಿನೆಟ್ ಕೊಟ್ಟರು, ಮೈಗೆ ಕೋಟು ಕೊಟ್ಟರು. ಕ್ಲಾರಿನೆಟ್ ಬೇಗ ಕೈಗೆ ಹತ್ತಿತು, ಕೋಟು ಕೊನೆಯವರೆಗೂ ಹತ್ತಲಿಲ್ಲ. ತೋಳು ಬೆರಳು ದಾಟಿ ಇಳಿಯುತ್ತಿತ್ತು. ದೂರದಿಂದ ನೋಡಿದವರಿಗೆ ಒಂದು ಕೋಟು ತಾನೇ ನಿಂತು ಊದುತ್ತಿರುವ ಹಾಗೆ ಕಾಣುತ್ತಿತ್ತಂತೆ. ಹೀಗೆ ಹೇಳಿದವನು ಜವರ. ಅವನು ನಮ್ಮ ದೊಡ್ಡ ಡ್ರಮ್ಮಿನವನು, ನನಗಿಂತ ಎರಡು ವರ್ಷ ದೊಡ್ಡವನು. ಕೆಂಪು ಕೋಟಿಗೆ ಹುಟ್ಟಿದ ಹಾಗಿದ್ದ.

ನನಗಿದ್ದ ತೊಂದರೆ ಒಂದೇ, ನಾಚಿಕೆ. ಮನೆಯಲ್ಲಿ ಚೆನ್ನಾಗಿ ಊದುತ್ತಿದ್ದವನಿಗೆ ನಾಲ್ಕು ಜನ ಎದುರು ನಿಂತರೆ ಉಸಿರು ಗಂಟಲಲ್ಲೇ ಕಟ್ಟಿಕೊಳ್ಳುತ್ತಿತ್ತು. ಮೊದಲನೆಯ ಮದುವೆಯಲ್ಲೇ ಜವರ ಇದನ್ನು ಕಂಡುಕೊಂಡ. ನನ್ನನ್ನು ತೆಂಗಿನ ತೋಟದ ಹಿಂದಕ್ಕೆ ಎಳೆದುಕೊಂಡು ಹೋಗಿ, ಕರಟದ ತುಂಬ ಹೆಂಡ ಬಗ್ಗಿಸಿ, "ಎತ್ಲಾ. ನಾಚ್ಕೆ ಅನ್ನೋದು ಒಟ್ಟೆ ಒಳೀಕೋಗಿ ಮಲೀಕತ್ತದೆ" ಅಂದ.

ಎತ್ತಿದೆ. ಅದು ನಿಜವಾಗಿಯೂ ಹೋಗಿ ಮಲಗಿಕೊಂಡಿತು.

ಅಲ್ಲಿಂದ ಮುಂದಿನ ಮೂರು ನಾಲ್ಕು ವರ್ಷ ಹೇಗೆ ಕಳೆದವು ಅಂದರೆ ಒಂದು ಉದ್ದನೆಯ ಮಧ್ಯಾಹ್ನದ ಹಾಗೆ ಕಾಣುತ್ತದೆ ಈಗ. ಆಣೆ ಹೋಗಿ ನಯಾಪೈಸೆ ಬಂದ ಹೊಸತು. ಕುಡಿಯುವುದು ತಪ್ಪು ಅಂತ ಸರ್ಕಾರದವರೂ ದೊಡ್ಡ ಮನುಷ್ಯರೂ ಹೇಳುತ್ತಿದ್ದರು. ಅವರು ಹೇಳಿದ್ದು ಈಚಲ ಮರಗಳಿಗೆ ಕೇಳಿಸಿರಲಿಲ್ಲ ಅಷ್ಟೆ. ಮದುವೆಗೆ ಮುಂಚೆ ಧೈರ್ಯಕ್ಕೆ ಅಂತ ಕುಡಿಯುತ್ತಿದ್ದೆವು, ಮದುವೆಯಾದ ಮೇಲೆ ದಣಿವಿಗೆ ಅಂತ. ಮದುವೆಯಿಲ್ಲದ ದಿನ ಮದುವೆಯಿಲ್ಲ ಅಂತ. ಭಾನುವಾರ ಕೆರೆಯ ಆಚೆ ಈಚಲ ತೋಪಿನಲ್ಲಿ ಸೇರುತ್ತಿದ್ದೆವು. ಜವರ ತನ್ನ ದೊಡ್ಡ ಡ್ರಮ್ಮನ್ನು ಮಲಗಿಸಿದರೆ ಅದೇ ನಮ್ಮ ಮೇಜು. ಅದರ ಮೇಲೆ ಕಡ್ಲೆಪುರಿ, ಹೆಚ್ಚಿದ ಈರುಳ್ಳಿ, ಸುಟ್ಟ ಒಣಮೀನು. ಯಾರಾದರೂ ಗಟ್ಟಿಯಾಗಿ ನಕ್ಕರೆ ಡ್ರಮ್ಮಿನ ಚರ್ಮ ಗುಂಯ್ ಅನ್ನುತ್ತಿತ್ತು, ಪುರಿ ಸಣ್ಣಗೆ ಕುಣಿಯುತ್ತಿತ್ತು. ಹೆಂಡದ ಮಡಕೆಯ ಸುತ್ತ ಕಣಜಗಳು ತೂಕಡಿಸುತ್ತಾ ಹಾರುತ್ತಿದ್ದವು. ಏನು ಮಾತಾಡುತ್ತಿದ್ದೆವೋ, ಒಂದು ಮಾತೂ ನೆನಪಿಲ್ಲ. ಮಾತಾಡುತ್ತಿದ್ದವರ ಮುಖದ ಮೇಲೆ ಗರಿಯ ನೆರಳು ಅಲ್ಲಾಡುತ್ತಿದ್ದದ್ದು ಮಾತ್ರ ನೆನಪಿದೆ.

ಚನ್ನರಾಯಪಟ್ಟಣದ ಆ ಮದುವೆ ಆಗದೇ ಇದ್ದಿದ್ದರೆ ಆ ಮಧ್ಯಾಹ್ನ ಇನ್ನೂ ಎಷ್ಟು ಉದ್ದವಾಗುತ್ತಿತ್ತೋ.

ತೆಂಗಿನ ತೋಟದ ಸಾಹುಕಾರರ ಮನೆ ಮದುವೆ. ಧಾರೆ ಮುಗಿದು, ಊಟ ಮುಗಿದು, ಹೆಣ್ಣನ್ನು ಒಪ್ಪಿಸಿ ಗಾಡಿ ಹತ್ತಿಸುವ ಹೊತ್ತು. ಅಷ್ಟರಲ್ಲಿ ನಾನು ಎಷ್ಟು ಕರಟ ಎತ್ತಿದ್ದೆನೋ ದೇವರಿಗೇ ಗೊತ್ತು. ಎತ್ತಿನ ಕೊಂಬಿಗೆ ಕಟ್ಟಿದ್ದ ಕೆಂಪು ಟೇಪು ನೆನಪಿದೆ. ಅದಾದ ಮೇಲೆ ನೆನಪಿರುವುದು ಹಾಸನಕ್ಕೆ ಬರುವ ಬಸ್ಸಿನ ಕಿಟಕಿಗೆ ತಲೆ ಬಡಿದದ್ದು. ನಡುವೆ ಏನೂ ಇಲ್ಲ.

ಎಂಟು ದಿನದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಿಳೀ ಪಂಚೆಯ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ನೋಡಿದರೆ ಅದೇ ಹೆಣ್ಣಿನ ತಂದೆ! ಕುಡಿದು ಏನು ಅನಾಹುತ ಮಾಡಿದ್ದೆನೋ, ಈಗ ಕಪಾಳಕ್ಕೆ ಬೀಳುತ್ತದೆ ಅಂತ ಎರಡು ಹೆಜ್ಜೆ ಹಿಂದೆ ಸರಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ನಮ್ ಮಗ್ಳು ಗಾಡಿ ಅತ್ತೋ ಒತ್ನಲ್ಲಿ ಊದಿದ್ಯಲ್ಲಪ್ಪ, ಅದ್ಯಾವ್ ರಾಗ?"

ನಾನು ಕಣ್ಣು ಕಣ್ಣು ಬಿಟ್ಟೆ.

"ಮಿಕ್ಕೋರ್ನೆಲ್ಲಾ ನಿಲ್ಸ್ಬುಟ್ಟು ನೀನೊಬ್ನೇ ಊದ್ದೆ. ನಮ್ಮಣ್ಣ ಅತ್ತಿದ್ನ ನಾನ್ ಈ ಜನ್ಮದಲ್ ಕಂಡಿರ್ನಿಲ್ಲ, ಅವ್ನೂ ಅತ್ಬುಟ್ಟ. ಮಗೀನೂ ಗಾಡಿ ನಿಲ್ಸಿ ಕೇಳುಸ್ಕಂಡು ಆಮೇಲ್ ಓಯ್ತು. ಅದ್ಯಾವ್ದು ಏಳಪ್ಪ, ನಮ್ಮನೇವ್ಳು ಕೇಳ್ಕಬಾ ಅಂದವ್ಳೆ."

"ಅದೊಂದು... ಹಳೇ ರಾಗ ಸಾ" ಅಂದೆ.

ಓಡಿಹೋಗಿ ಜವರನನ್ನು ಕೇಳಿದೆ. "ಎಣ್ಣು ಒಪ್ಸುದ್ರಾ? ಯಾವಾಗ್ಲಾ?" ಅಂದ ಅವನು. ಮೇಷ್ಟ್ರನ್ನು ಕೇಳಿದರೆ, "ಅದಾ? ನಾನೇ ಊದಿದ್ದು ಅದು" ಅಂದರು. ಮಿಕ್ಕ ಐದು ಜನರನ್ನೂ ಕೇಳಿದೆ. ಎಂಟು ಜನ ಹೋಗಿದ್ದೆವು, ಎಂಟು ಜನರಲ್ಲಿ ಒಬ್ಬನೂ ಅಲ್ಲಿರಲಿಲ್ಲ.

ನೀವು ನಗಬಹುದು. ಆಗ ನಾನೂ ಅವರ ಜೊತೆ ನಕ್ಕೆ. ಮನೆಗೆ ಬಂದ ಮೇಲೆ ಹೆದರಿಕೆ ಶುರುವಾಯಿತು. ನನ್ನ ಕೈಯಿಂದ ಏನೋ ಒಂದು ಒಳ್ಳೆಯದು ಆಗಿಹೋಗಿದೆ. ಊರವರೆಲ್ಲ ಅದನ್ನು ಕೇಳಿಸಿಕೊಂಡಿದ್ದಾರೆ. ನಾನೊಬ್ಬನೇ ಕೇಳಿಸಿಕೊಂಡಿಲ್ಲ. ಕ್ಲಾರಿನೆಟ್ ತೆಗೆದು ಬಾಯಿಗೆ ಬಂದದ್ದೆಲ್ಲ ಊದಿ ನೋಡಿದೆ. ಅವ್ವ ಅಡುಗೆ ಮನೆಯಿಂದ, "ಯಾಕಪ್ಪ, ಏನಾರ ಕಳ್ಕಂಡ್ಯಾ?" ಅಂದಳು. ಆ ರಾಗ ಯಾವುದು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಶಪಥ ಗಿಪಥ ಏನೂ ಮಾಡಲಿಲ್ಲ. ಮುಂದಿನ ಭಾನುವಾರ ತೋಪಿನಲ್ಲಿ ಜವರ ಕರಟ ಚಾಚಿದಾಗ ನನ್ನ ಕೈ ಮುಂದೆ ಹೋಗಲಿಲ್ಲ.

"ಬ್ಯಾಡ ಕಣ್ಲಾ" ಅಂದೆ.

ಏಳು ತಲೆಗಳೂ ತಿರುಗಿದವು. "ಯಾಕ್ಲಾ?" ಅಂದ ಜವರ.

ನಿಜ ಹೇಳಬೇಕಾಗಿತ್ತು. ಹೇಗೆ ಹೇಳುವುದು? ನಾನು ಊದಿದ್ದು ನನಗೆ ನೆನಪಿಲ್ಲ, ಅದಕ್ಕೆ ಭಯವಾಗಿದೆ ಅಂದರೆ ಹೊಟ್ಟೆ ಹಿಡಿದುಕೊಂಡು ನಗುವ ಜನ ಅವರು. ಆ ವಾರ ನಮ್ಮ ಬೀದಿಯಲ್ಲಿ ಯಾರಿಗೋ ಕಾಮಾಲೆಯಾಗಿತ್ತು. ಬಾಯಿಗೆ ಅದೇ ಬಂತು.

"ಕಾಮಾಲೆ" ಅಂದೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು. ಬೇರೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಜವರ ಮಾತ್ರ ನನ್ನ ಕಾಮಾಲೆಯನ್ನು ಹೆಗಲ ಮೇಲೆ ಹಾಕಿಕೊಂಡ. ಎಣ್ಣೆ ಕೂಡದು, ಉಪ್ಪು ಕೂಡದು, ಖಾರ ಕೂಡದು. ಮದುವೆ ಮನೆಯ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ಕೂರುತ್ತಿದ್ದ. ಒಬ್ಬಟ್ಟು ಬಡಿಸುವವರು ನನ್ನ ಎಲೆಯ ಮುಂದೆ ಬಗ್ಗಿದರೆ ಸಾಕು, ಅಡ್ಡ ಕೈ ಹಿಡಿದು, "ಇವ್ನಿಗ್ ಬ್ಯಾಡಿ ಸಾ, ಕಾಮಾಲೆ" ಅನ್ನುತ್ತಿದ್ದ. ಬಡಿಸುವವರು ಎರಡು ಮಾರು ದೂರ ಹಾರುತ್ತಿದ್ದರು. ನನ್ನ ಪಾಲಿನದನ್ನು ತಾನೇ ಹಾಕಿಸಿಕೊಂಡು ನನ್ನ ಕಣ್ಣೆದುರಿಗೇ ತಿನ್ನುತ್ತಿದ್ದ. ಆ ವೈಶಾಖದಲ್ಲಿ ಒಂಬತ್ತು ಮದುವೆಗಳಾದವು. ಒಂಬತ್ತು ಮದುವೆಯಲ್ಲೂ ನಾನು ಮಜ್ಜಿಗೆ ಅನ್ನ ಉಂಡೆ. ಬೆಳಗಾದರೆ ಜವರ ಮನೆಗೆ ಬಂದು ನನ್ನ ಕೆಳಗಿನ ರೆಪ್ಪೆ ಎಳೆದು ನೋಡಿ, "ನೆನ್ನೆಗಿಂತ ವಾಸಿ. ಇನ್ನೂ ವಸಿ ಅಳ್ದಿ ಅದೆ" ಅಂತ ತೀರ್ಮಾನ ಹೇಳಿ ಹೋಗುತ್ತಿದ್ದ. ನನಗೇ ಒಂದೊಂದು ಸಲ ಕನ್ನಡಿಯಲ್ಲಿ ಕಣ್ಣು ಹಳದಿಯಾಗಿ ಕಾಣುತ್ತಿತ್ತು.

ಕೊನೆಗೊಂದು ದಿನ, "ನಿನ್ ರೋಗ ಇಂಗೆಲ್ಲ ಬಗ್ಗಾಕಿಲ್ಲ, ನಡಿ ಮಲ್ಲಿಪಟ್ಟಣಕ್ಕೆ" ಅಂದ. ಮಲ್ಲಿಪಟ್ಟಣದಲ್ಲಿ ಒಬ್ಬ ಅಜ್ಜಿ ಕಾಮಾಲೆಗೆ ಸೊಪ್ಪಿನ ಮದ್ದು ಕೊಡುತ್ತಿದ್ದಳು. ಹೊತ್ತು ಏರುವ ಮುಂಚೆ ಬರೀ ಹೊಟ್ಟೆಯಲ್ಲಿ ಕುಡಿಯಬೇಕು. ಅದಕ್ಕೆ ಹಿಂದಿನ ದಿನವೇ ಅರಕಲಗೂಡಿಗೆ ಹೋಗಿ ಜವರನ ಸೋದರತ್ತೆಯ ಮನೆಯಲ್ಲಿ ಉಳಿದೆವು. ಬೇಡ ಅಂತ ಎಷ್ಟು ಸಲ ಅಂದೆನೋ. ಅಂದಷ್ಟೂ ಅವನಿಗೆ ರೋಗಿಯ ಹಟ ಅಂತಲೇ ಕಂಡಿತು. ಬೆಳಗಿನ ಮೊದಲ ಬಸ್ಸಿನಲ್ಲಿ ಮಲ್ಲಿಪಟ್ಟಣದಲ್ಲಿ ಇಳಿದಾಗ ಉತ್ತ ಹೊಲಗಳ ಮೇಲೆ ರಾತ್ರಿಯ ಮಳೆ ಇನ್ನೂ ಆರಿರಲಿಲ್ಲ.

ಅಜ್ಜಿ ಜಗಲಿಯ ಮೇಲೆ ಕೂರಿಸಿ ನನ್ನ ಉಗುರು ನೋಡಿದಳು, ನಾಲಿಗೆ ನೋಡಿದಳು. ಮುಖವನ್ನು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದಳು. ಆಮೇಲೆ ಜವರನ ಕಡೆ ತಿರುಗಿ, "ಇವ್ನ್ ಕಣ್ಣು ಮಲ್ಗೆ ಊವಿನಂಗದೆ. ಕಾಮಾಲೆ ಅಂದೋರ್ಯಾರು?" ಅಂತ ಕೇಳಿದಳು.

"ಇವ್ನೇ ಅಂದ ಕಣಜ್ಜಿ."

"ಯಾವ್ ಕಾಮಾಲೆನೂ ಇಲ್ಲ, ಗೀಮಾಲೆನೂ ಇಲ್ಲ. ಓಗಿ ಒಟ್ಟೆ ತುಂಬ ಉಣ್ಣೋಗ್ರಪ್ಪ" ಅಂತ ಸೊಪ್ಪು ಎತ್ತಿಟ್ಟು ಒಳಗೆ ಹೋದಳು.

ರಸ್ತೆಗೆ ಬರುವವರೆಗೂ ಜವರ ಮುಂದೆ ಮುಂದೆ ನಡೆದ. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಕುಡಿಯುವುದನ್ನು ಬಿಟ್ಟಿದ್ದೇನೆ ಅಂದೆ. ಚನ್ನರಾಯಪಟ್ಟಣದ ಸಾಹುಕಾರರು ಕೈ ಹಿಡಿದುಕೊಂಡದ್ದು, ನನಗೆ ಹೆದರಿಕೆಯಾದದ್ದು, ನೀವೆಲ್ಲ ನಗುತ್ತೀರಿ ಅಂತ ಸುಳ್ಳು ಹೇಳಿದ್ದು, ಎಲ್ಲ. ಅವನು ಎದುರಿನ ಬೇಲಿಯನ್ನೇ ನೋಡುತ್ತಾ ಕೇಳಿಸಿಕೊಂಡ.

"ಬುಟ್ಟೆ ಅಂದ್ರೆ ಬುಟ್ಟೆ ಅನ್ಬೇಕಪ್ಪ. ನಾನೇನ್ ನಿನ್ ಮೂಗ್ ಇಡ್ಕಂಡು ಉಯ್ತಿದ್ನಾ?"

"ಅಂಗಲ್ಲ ಕಣೋ..."

"ಅಸನಾಂಬಮ್ಮಂಗೆ ಅರಸ್ಕಂಡಿದ್ದೆ ಕಣ್ಲಾ. ಇವ್ನಿಗ್ ವಾಸಿ ಆಗೋಗಂಟ ಬಾಡ್ ಮುಟ್ಟಾಕಿಲ್ಲ ಅಂತ. ಒಂದ್ ತಿಂಗ್ಳಾಯ್ತು." ಕಾಲ ಬಳಿಯ ಕಲ್ಲನ್ನು ಬೇಲಿಗೆ ಒದ್ದ. "ಇಲ್ದಿರೋ ರೋಗಕ್ಕೆ ದ್ಯಾವ್ರಿಗ್ ಅರಕೆ ಕಟ್ಟುಸ್ಬುಟ್ಯಲ್ಲೋ, ಪಾಪಿ."

ಬಸ್ಸಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಕೂತ, ನಾನು ಹಿಂದೆ. ಹಾಸನದವರೆಗೂ ಅವನ ಕುತ್ತಿಗೆಯನ್ನೇ ನೋಡುತ್ತಾ ಬಂದೆ.

ಆಮೇಲಿನ ಆರೇಳು ತಿಂಗಳು ನನ್ನ ಬದುಕಿನಲ್ಲಿ ಬಹಳ ಉದ್ದನೆಯವು. ಜವರ ಮಾತು ಬಿಟ್ಟ. ಒಂದೇ ಬ್ಯಾಂಡಿನಲ್ಲಿದ್ದುಕೊಂಡು, ಒಂದೇ ಬಸ್ಸಿನಲ್ಲಿ ಓಡಾಡಿಕೊಂಡು ಮಾತಿಲ್ಲ. ಹೊಟ್ಟೆಯಲ್ಲಿ ಮಲಗಿದ್ದ ನಾಚಿಕೆ ಎದ್ದು ಬಂತು. ಜನರೆದುರು ಬೆರಳು ನಡುಗುತ್ತಿತ್ತು. ಮೇಷ್ಟ್ರು ಒಂದು ದಿನ, "ನೀನ್ ಕುಡ್ಯಾದ್ ಬುಟ್ಟೆ, ನಿನ್ ಕ್ಲಾರ್ನೆಟ್ಟು ಉಸ್ರು ಬುಡ್ತು ಕಣ್ಲಾ. ಇಂಗೇ ಆದ್ರೆ ಬ್ಯಾರೆಯೋರ್ನ ನೋಡ್ಕತೀನಿ" ಅಂದರು. ಮಿಕ್ಕವರಿಗೆ ನಾನೊಂದು ಆಟವಾದೆ. ಸನ್ಯಾಸಿ ಅಂತ ಹೆಸರಿಟ್ಟರು. ನನ್ನ ಮಜ್ಜಿಗೆಗೆ ಹೆಂಡ ಬೆರೆಸಿಡುವರು, ಎಳನೀರಿಗೆ ಬೆರೆಸಿಡುವರು. ಬಾಯಿಗಿಡುವ ಮುಂಚೆ ಮೂಸದೆ ನನಗೆ ಗತಿಯಿರಲಿಲ್ಲ. ನನ್ನ ಹೆಂಡತಿ ಆಡಿಕೊಂಡು ನಗುವ ಈ ಮೂಸುವ ಚಾಳಿ ಹುಟ್ಟಿದ್ದು ಅಲ್ಲೇ.

ಬಿಟ್ಟ ಮೇಲೆ ಬಹಳ ಸುಖವಾಯಿತು ಅಂತ ನಾನು ಹೇಳುವುದಿಲ್ಲ. ಭಾನುವಾರ ಏನು ಮಾಡಬೇಕೋ ತೋಚುತ್ತಿರಲಿಲ್ಲ. ಕೆರೆ ಏರಿಯ ಮೇಲೆ ಕೂರುತ್ತಿದ್ದೆ. ನೀರಿನ ಆಚೆಯಿಂದ ಅವರ ನಗು ತೇಲಿ ಬರುತ್ತಿತ್ತು. ಯಾವ ನಗು ಯಾರದು ಅಂತ ಅಷ್ಟು ದೂರದಿಂದಲೂ ಹೇಳಬಲ್ಲವನಾಗಿದ್ದೆ. ಗಾಳಿ ಈ ಕಡೆ ತಿರುಗಿದರೆ ಹುಳಿ ಹುಳಿ ವಾಸನೆ. ಎದ್ದು ಹೋಗಿಬಿಡೋಣ ಅನ್ನಿಸುತ್ತಿತ್ತು, ಹೆಂಡಕ್ಕಲ್ಲ, ಆ ನೆರಳಿಗೆ. ಎಷ್ಟೋ ಸಲ ಏರಿಯ ಅರ್ಧದವರೆಗೆ ಹೋಗಿ ತಿರುಗಿ ಬಂದಿದ್ದೇನೆ. ಕುಡಿತ ಹೋದದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಆ ಮಧ್ಯಾಹ್ನಗಳು ಹೋದದ್ದಕ್ಕೆ ಇದೆ.

ಅವ್ವ ಮಾತ್ರ ಏನೂ ಕೇಳಲಿಲ್ಲ. ಒಂದು ದಿನ ರೊಟ್ಟಿ ತಟ್ಟುತ್ತಾ, "ನೀನೀಗ ಬಾಗ್ಲು ಒಂದೇ ಸಲ ತಟ್ತೀಯ" ಅಂದಳು. "ಮುಂಚೆ ಎಷ್ಟು ಸಲ ತಟ್ತಿದ್ದೆ ಅವ್ವಾ?" ಅಂದರೆ, "ತಟ್ತಿರ್ನಿಲ್ಲ, ಒರಗ್ತಿದ್ದೆ" ಅಂದಳು.

ದಿನ ಕಳೆದಂತೆ ಬೆರಳಿನ ನಡುಕ ನಿಂತಿತು. ಊದುವಾಗ ಕಣ್ಣು ಬಿಡುವುದನ್ನು ಕಲಿತೆ. ಅದುವರೆಗೆ ನಾನು ಮದುವೆಗಳನ್ನು ನೋಡಿಯೇ ಇರಲಿಲ್ಲ. ಚಪ್ಪರದ ಕಂಬ ಹಿಡಿದುಕೊಂಡು ನಿಂತ ಹೆಣ್ಣಿನ ತಾಯಿ, ಹೊಸ ಚಪ್ಪಲಿ ಕಚ್ಚಿ ಕುಂಟುವ ಗಂಡು, ಇಷ್ಟು ಗದ್ದಲದಲ್ಲೂ ಅಜ್ಜನ ಹೆಗಲ ಮೇಲೆ ನಿದ್ದೆ ಹೋದ ಮಗು. ಇವೆಲ್ಲ ನನ್ನೆದುರಿಗೇ ಇದ್ದವು. ಅವನ್ನು ನೋಡುತ್ತಾ ಊದಿದರೆ ಉಸಿರು ತಾನಾಗಿ ಬರುತ್ತಿತ್ತು. ಮೇಷ್ಟ್ರು ಬೇರೆಯವರನ್ನು ಹುಡುಕುವ ಮಾತು ಬಿಟ್ಟರು. ಜವರ ಮಾತ್ರ ಮಾತು ಆಡಲಿಲ್ಲ.

ಅಷ್ಟರಲ್ಲಿ ಅವನ ಮದುವೆ ಗೊತ್ತಾಯಿತು. ಹೆಣ್ಣು ಹೊಳೆನರಸೀಪುರದ ಪಕ್ಕದ ಒಂದು ಹಳ್ಳಿಯವಳು. ಕರೆಯಲು ಅವನ ತಾಯಿ ಬಂದರು, ಅವನು ಬರಲಿಲ್ಲ. ಬ್ಯಾಂಡು ನಮ್ಮದೇ. ಡ್ರಮ್ಮಿಗೆ ಮೇಷ್ಟ್ರ ಬಾಮೈದನನ್ನು ಗೊತ್ತು ಮಾಡಿದ್ದರು. ಹೋಗದೆ ಇರಲು ಕಾಮಾಲೆಯಂಥದ್ದೇ ಇನ್ನೊಂದು ನೆಪ ಬಾಯಿಗೆ ಬಂದಿತ್ತು. ನುಂಗಿಕೊಂಡು ಹೋದೆ.

ಅಲ್ಲಿ ಬೆಳಿಗ್ಗೆಯಿಂದಲೇ ಹೊಳೆಯ ದಂಡೆಯಲ್ಲಿ ಹೆಂಡದ ಮಡಕೆಗಳು ಇಳಿದಿದ್ದವು. ಜವರನ ಮದುವೆ ಅಂದರೆ ಸಾಮಾನ್ಯವೇ? ನಾನು ಚಪ್ಪರದ ಹೊರಗೇ ನಿಂತಿದ್ದೆ. ಅವನ ತಾಯಿ ಬಂದು, "ನಿನ್ನ ಕರೀತಾವ್ನೆ ಬಾ ಮಗಾ" ಅಂದರು. ಒಳಗೆ ಚಾಪೆಯ ಮೇಲೆ ಬಾಸಿಂಗ ಕಟ್ಟಿಕೊಂಡು ಜವರ ಒಬ್ಬನೇ ಕೂತಿದ್ದ.

"ಕುಂತ್ಕಳ್ಳಾ" ಅಂದ. ಕೂತೆ. ಅವನು ಬಾಸಿಂಗದ ದಾರ ಸ್ವಲ್ಪ ಸಡಿಲಿಸಿಕೊಂಡ.

"ನೆನ್ನೆಯಿಂದ ಮುಟ್ಟಿಲ್ಲ ಕಣ್ಲಾ. ನನ್ ಮದ್ವೆ ನಂಗ್ ನೆಪ್ಪಿರ್ಬೇಕು ಅನ್ನುಸ್ತು. ಆದ್ರೆ ಎದೆ ಎಂಗ್ ಒಡ್ಕತದೆ ನೋಡು. ಇದ್ನೆಲ್ಲಾ ಎಂಗ್ಲಾ ತಡ್ಕತೀಯ ನೀನು?"

"ವಸಿ ಒತ್ತು ಇರ್‍ತದೆ, ಆಮೇಲ್ ಓಯ್ತದೆ" ಅಂದೆ.

"ಇವತ್ತೆಲ್ಲ ನನ್ ಪಕ್ಕದಲ್ಲೇ ಇರು. ಎಲ್ಲೂ ಓಗ್ಬ್ಯಾಡ."

ಇದ್ದೆ. ಅವನು ಮಾರನೆಯ ದಿನವೇ ಮತ್ತೆ ತೋಪಿಗೆ ಹೋದ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವನು ಕುಡಿತ ಬಿಡಲಿಲ್ಲ, ನಾನು ಮತ್ತೆ ಹಿಡಿಯಲಿಲ್ಲ, ನಮ್ಮ ಸ್ನೇಹ ಕೆಡಲಿಲ್ಲ. ಆಮೇಲಿನ ಹತ್ತು ವರ್ಷವೂ ಭಾನುವಾರ ತೋಪಿನಲ್ಲಿ ಪುರಿ ತಿನ್ನುತ್ತಾ ಅವನ ಬಲಗಡೆ ಕೂತಿರುತ್ತಿದ್ದೆ. ನನ್ನ ಲೋಟಕ್ಕೆ ಯಾರಾದರೂ ಕೈ ಹಾಕಿದರೆ ಅವರ ಕೈಗೆ ಬೀಳುತ್ತಿತ್ತು. ಆ ಒಂದು ದಿನ ಮಾತ್ರ ಅವನು ಕುಡಿಯಲಿಲ್ಲ.

ಧಾರೆಯಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೆಣ್ಣು ಗಂಡು ಇಬ್ಬರನ್ನೂ ಗಾಡಿಯಲ್ಲಿ ಕೂರಿಸಿ ಊರೊಳಗೆ ಮೆರವಣಿಗೆ ಹೊರಟಿತು. ಮುಂದೆ ನಮ್ಮ ಬ್ಯಾಂಡು. ಜವರ ಹೇಳಿದ ಹಾಗೆ ನಾನು ಗಾಡಿಯ ಗಾಲಿಯ ಪಕ್ಕದಲ್ಲೇ ಊದುತ್ತಾ ನಡೆಯುತ್ತಿದ್ದೆ. ಮೇಷ್ಟ್ರಿಗೆ ಆಗಲೇ ಏರಿತ್ತು. ಬಾಮೈದನ ಕೋಲು ಡ್ರಮ್ಮಿಗೆ ಒಂದು ಸಲ ಬಿದ್ದರೆ ಗಾಳಿಗೆ ಎರಡು ಸಲ ಬೀಳುತ್ತಿತ್ತು. ಎರಡು ಬೀದಿ ದಾಟುವವರೆಗೆ ಜವರ ಹಲ್ಲು ಕಚ್ಚಿಕೊಂಡು ಕೇಳಿದ. ಆಮೇಲೆ ಗಾಡಿಯಿಂದ ಬಗ್ಗಿ ನನ್ನ ಕಿವಿಯಲ್ಲಿ, "ಲೇ ರಾಜ, ನಾವ್ ಯಾವಾಗ್ಲೂ ಇಂಗೇನ್ಲಾ ಬಾರ್‍ಸೋದು?" ಅಂದ.

"ಇವತ್ ವಾಸಿ" ಅಂದೆ.

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಮರುಕ್ಷಣ ಅವನು ಗಾಡಿಯಿಂದ ಧುಮುಕಿದ್ದ. "ಏಯ್, ಮದ್ವೆ ಗಂಡು ಇಳೀಬಾರ್ದು ಕಣೋ!" ಅಂತ ಹಿರಿಯರು ಕೂಗಿದರು. ಹೆಂಗಸರು ಅಯ್ಯೋ ಅಂದರು. ಜವರ ಬಾಮೈದನ ಕೊರಳಿನಿಂದ ಪಟ್ಟಿ ಬಿಡಿಸಿ ಡ್ರಮ್ಮನ್ನು ತನ್ನ ಹೊಸ ಪಂಚೆಯ ಮೇಲೆ ನೇತು ಹಾಕಿಕೊಂಡು ಕೋಲು ಎತ್ತಿದ. ಬಾಸಿಂಗ ಜಾರಿ ಮೂಗಿನ ಮೇಲೆ ಬಂತು. ಅದನ್ನು ಮೇಲೆ ತಳ್ಳಲು ಅವನಿಗೆ ಪುರುಸೊತ್ತಿಲ್ಲ. "ಊದ್ಲಾ" ಅಂದ. ಊದಿದೆ. ಅವನ ಪೆಟ್ಟು ನನ್ನ ಉಸಿರಿನ ಜೊತೆ ಕೂಡಿಕೊಂಡಿತು. ಬೀದಿಯ ಎರಡೂ ಕಡೆ ಜನ ಬಾಗಿಲಿಗೆ ಬಂದು ನಿಂತರು. ಬೆಳಗಿನಿಂದ ತಲೆ ತಗ್ಗಿಸಿಕೊಂಡು, ನೆಲ ಬಿಟ್ಟು ಬೇರೇನನ್ನೂ ನೋಡದೆ ಕೂತಿದ್ದ ಆ ಹುಡುಗಿ, ತನ್ನ ಮದುವೆಗೆ ತಾನೇ ಡ್ರಮ್ಮು ಬಡಿಯುತ್ತಾ ಹೋಗುತ್ತಿರುವ ಗಂಡನನ್ನು ನೋಡಲು ತಲೆ ಎತ್ತಿದಳು. ಎತ್ತಿ, ಊರವರೆಲ್ಲರ ಎದುರಿಗೆ, ಬಾಯಿಗೆ ಸೆರಗು ಅಡ್ಡ ಹಿಡಿಯುವುದನ್ನೂ ಮರೆತು, ಗಟ್ಟಿಯಾಗಿ ನಕ್ಕುಬಿಟ್ಟಳು.